ಒಂದೇ ಪವನು, ಬೇರೆ ಅಚ್ಚು

ಆಚಾರ್ರು: ಮೇಷ್ಟ್ರೇ, ನಿಮ್ಮ ಕೈಲಿರೋದು 1872ರ ಪವನು. ನನ್ನ ಪೆಟ್ಟಿಗೆಯಲ್ಲಿರೋದೂ 1872ರ ಪವನು. ಅದೇ ವಿಕ್ಟೋರಿಯಾ ರಾಣಿ, ಅದೇ ಗುರಾಣಿ, ತೂಕವೂ ಅಷ್ಟೇ. ನಿಮ್ಮದನ್ನು ಕೊಟ್ಟು ನನ್ನದನ್ನು ತಗೊಂಡು, ಮೇಲೆ ದುಡ್ಡು ಬೇರೆ ಕೊಡ್ತೀನಿ ಅಂತೀರಿ. ನಲವತ್ತು ವರ್ಷದಿಂದ ಈ ಅಂಗಡೀಲಿ ಕೂತಿದ್ದೀನಿ, ಇಂಥ ವ್ಯಾಪಾರ ನೋಡಿಲ್ಲ.

ಮೇಷ್ಟ್ರು: ಹಿಂಬದಿ ತಿರುಗಿಸಿ ನೋಡಿ. ಗುರಾಣಿಯ ಎರಡು ಪಕ್ಕದಿಂದ ಎಲೆಯ ಕುಡಿಗಳು ಇಳಿದು ಕೆಳಗೆ ಗಂಟಾಗಿವೆಯಲ್ಲ? ಆ ಗಂಟಿಗೂ ತಳದಲ್ಲಿರುವ ಹೂವಿಗೂ ನಡುವೆ ಏನಿದೆ? ಬರಿಗಣ್ಣು ಸಾಲದು, ಲೆನ್ಸ್ ಇಡಿ.

ಆಚಾರ್ರು: ಅಂಕಿ ಇದೆ. ಸಾಸಿವೆಗಿಂತ ಚಿಕ್ಕದು. ನಿಮ್ಮದರಲ್ಲಿ ಬೇರೆ ಅಂಕಿ.

ಮೇಷ್ಟ್ರು: ಅದೇ ಅಚ್ಚಿನ ಸಂಖ್ಯೆ. ಲಂಡನ್ ಟಂಕಸಾಲೆಯವರು 1863ರಿಂದ 1874ರವರೆಗೆ ಗುರಾಣಿ ಪವನಿನ ಹಿಂಬದಿ ಅಚ್ಚಿಗೆ ಹೀಗೆ ಸಂಖ್ಯೆ ಕೊಡ್ತಿದ್ರು. ಯಾವ ಅಚ್ಚು ಎಷ್ಟು ಬಾಳಿತು, ಯಾವುದು ಬೇಗ ಕೆಟ್ಟಿತು ಅನ್ನೋ ಲೆಕ್ಕಕ್ಕೆ ಅಂತ ಬಲ್ಲವರ ಮಾತು. ನಡುವೆ 1867ರ ಇಸವಿಯ ಪವನನ್ನು ಅವರು ಹೊಡೆದೇ ಇಲ್ಲ. 1863ರಲ್ಲೂ 1872ರಲ್ಲೂ ಅಂಕಿ ಇರುವುದು, ಇಲ್ಲದ್ದು ಎರಡೂ ಸಿಗುತ್ತವೆ. 1874ರದು ಸಿಕ್ಕರೆ ನನಗೆ ಮೊದಲು ಹೇಳಿ, ನಿಮ್ಮ ಹೆಂಡತಿಗೆ ಆಮೇಲೆ.

ಆಚಾರ್ರು: ಸಂಖ್ಯೆ ಹಾಕೋದು ಒಳ್ಳೇ ಉಪಾಯವೇ. ನಮ್ಮಪ್ಪನ ಕಾಲದಲ್ಲಿ ಲಕ್ಷ್ಮೀ ಕಾಸಿಗೆ ಮೂರು ಅಚ್ಚು ಇದ್ದವು. ಒಂದರಲ್ಲಿ ಕಮಲದ ದಳ ಮೊಂಡಾಗಿತ್ತು, ಇನ್ನೊಂದರ ಅಂಚು ಬಿರಿದಿತ್ತು. ಯಾರಾದರೂ ಕಾಸಿನ ಸರ ತಂದರೆ ಅದು ನಮ್ಮ ಮನೆ ಕಾಸೋ ಅಲ್ಲವೋ, ನಮ್ಮದಾದರೆ ಯಾವ ಅಚ್ಚಿನದು ಅಂತ ಅಪ್ಪ ಕೂತಲ್ಲೇ ಹೇಳ್ತಿದ್ರು.

ಮೇಷ್ಟ್ರು: ನಿಮ್ಮ ತಂದೆ ಮಾಡ್ತಿದ್ದ ಕೆಲಸಕ್ಕೇ ನಾವು ಹವ್ಯಾಸ ಅಂತ ಹೆಸರಿಟ್ಟುಕೊಂಡಿದ್ದೀವಿ. ಅಚ್ಚಿನ ಗುರುತು ಹಿಡಿದು ಒಂದೊಂದನ್ನೂ ಬೇರೆ ಬೇರೆಯಾಗಿ ಕೂಡಿಡೋದು.

ಆಚಾರ್ರು: ಆದರೆ ಅಪ್ಪ ಅದಕ್ಕಾಗಿ ಒಂದು ಕಾಸೂ ಹೆಚ್ಚು ಕೊಡ್ತಿರಲಿಲ್ಲ. ಪವನು ಅಂದರೆ ಎಂಟು ಗ್ರಾಂ, ಇಪ್ಪತ್ತೆರಡು ಕ್ಯಾರೆಟ್. ಒರೆಗೆ ಹಚ್ಚು, ತೂಗು, ದರ ಕಟ್ಟು. ನೀವು ಆ ಸಾಸಿವೆ ಕಾಳಿಗೆ ಕೊಡೋ ಬೆಲೆ ನೋಡಿದರೆ ಮೂಗಿಗಿಂತ ಮೂಗುತಿ ಭಾರ ಅನ್ನಿಸುತ್ತೆ.

ಮೇಷ್ಟ್ರು: ಕರಾರುವಾಕ್ಕಾಗಿ ಹೇಳೋದಾದರೆ 7.988 ಗ್ರಾಂ. ಅದರಲ್ಲಿ ಅಪ್ಪಟ ಚಿನ್ನ 7.32. ಬೆಲೆಯ ಜಗಳಕ್ಕೆ ಆಮೇಲೆ ಬರೋಣ. ಮೊದಲು ಒಂದು ಪ್ರಶ್ನೆ. ಪವನಿನ ಮೇಲೆ ಕೂದಲೆಳೆಯಂಥ ಗೆರೆ ಇದೆ ಅಂದುಕೊಳ್ಳಿ. ಅದು ಅಚ್ಚಿನಲ್ಲೇ ಇದ್ದದ್ದೋ, ಆಮೇಲೆ ಯಾರದೋ ಕೊರಳಲ್ಲಿ ಉಜ್ಜಿ ಬಿದ್ದ ಗೀರೋ, ಹೇಗೆ ಹೇಳ್ತೀರಿ?

ಆಚಾರ್ರು: ಅದೇನು ಬ್ರಹ್ಮವಿದ್ಯೆ? ಅಚ್ಚು ಬಿರಿದರೆ ಬಿರುಕಿನೊಳಗೆ ಚಿನ್ನ ನುಗ್ಗುತ್ತೆ, ಕಾಸಿನ ಮೇಲೆ ಗೆರೆ ಉಬ್ಬಿ ಕಾಣುತ್ತೆ. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತೆ. ಉಗುರು ಆಡಿಸಿದರೆ ಸಾಕು.

ಮೇಷ್ಟ್ರು: ಉಗುರು ಬೇಡ, ಓರೆ ಬೆಳಕಲ್ಲಿ ಹಿಡಿದು ನೋಡಿ. ಈ ಒಂದು ಮಾತು ಗೊತ್ತಿಲ್ಲದೆ ಗೀರು ಬಿದ್ದ ನಾಣ್ಯವನ್ನೆಲ್ಲ ಅಪರೂಪ ಅಂತ ಕೊಳ್ಳುವವರು ಎಷ್ಟೋ ಜನ. ಉಬ್ಬಿದ ಬಿರುಕಿನಿಂದ ಇನ್ನೂ ಒಂದು ಲಾಭ ಇದೆ. ಬಿರುಕು ಬೆಳೆಯುತ್ತೆ, ಹಿಂದಕ್ಕೆ ಹೋಗೋದಿಲ್ಲ. ಒಂದೇ ಅಚ್ಚಿನ ನಾಲ್ಕು ನಾಣ್ಯ ಸಿಕ್ಕರೆ ಬಿರುಕಿನ ಉದ್ದ ನೋಡಿ ಯಾವುದು ಮೊದಲು ಹುಟ್ಟಿತು, ಯಾವುದು ಕೊನೆಗೆ ಅಂತ ಸಾಲಾಗಿ ಜೋಡಿಸಬಹುದು. ಇಸವಿ ಹೇಳದ್ದನ್ನು ಬಿರುಕು ಹೇಳುತ್ತೆ.

ಆಚಾರ್ರು: ಲಂಡನ್ನಿನವರ ಯಂತ್ರದ ಅಚ್ಚಲ್ಲಿ ಅಷ್ಟೊಂದು ವ್ಯತ್ಯಾಸ ಎಲ್ಲಿಂದ ಬರುತ್ತೆ? ಮೂಲ ಅಚ್ಚು ಒಂದು, ಅದರಿಂದ ಒತ್ತಿ ತೆಗೆದ ಮರಿ ಅಚ್ಚುಗಳು ನೂರಾರು. ಎಲ್ಲ ಒಂದೇ ಥರ ಇರಬೇಕಲ್ಲ?

ಮೇಷ್ಟ್ರು: ಮುಖ್ಯ ಚಿತ್ರ ಒಂದೇ ಥರ ಬರುತ್ತೆ. ಆದರೆ ಇಸವಿಯ ಕೊನೆ ಅಂಕಿ, ಸವೆದ ಅಕ್ಷರ, ಈ ಅಚ್ಚಿನ ಸಂಖ್ಯೆ, ಇವನ್ನೆಲ್ಲ ಒಬ್ಬ ಕೆಲಸಗಾರ ಸಣ್ಣ ಉಳಿಯಿಂದ ಒಂದೊಂದಾಗಿ ಹೊಡೀತಿದ್ದ. ಕೈ ಎಲ್ಲಿ ಬಿತ್ತೋ ಅಲ್ಲಿ ಭೇದ ಹುಟ್ಟಿತು. 1843ರ ಕೆಲವು ಪವನುಗಳಲ್ಲಿ 3ರ ಅಡಿಯಲ್ಲಿ ಹಳೆಯ 2 ಇಣುಕುತ್ತೆ, ಹಿಂದಿನ ವರ್ಷದ ಅಚ್ಚನ್ನೇ ತಿದ್ದಿ ಬಳಸಿದ್ದಾರೆ. ಅದೇ 1843ರಲ್ಲಿ ಗುರಾಣಿ ಸಣಕಲಾಗಿರುವ ಒಂದು ಬಗೆಯೂ ಇದೆ, ಬಲು ಅಪರೂಪ. 1861ರಲ್ಲಿ ಮೊದಲ 1ರ ಬದಲಿಗೆ ರೋಮನ್ ಐ ಅಕ್ಷರದ ಉಳಿ ಹೊಡೆದ ಅಚ್ಚೂ ಉಂಟು. ಆದರೆ ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 1859ರ ಆನ್ಸೆಲ್ ಪವನು. ಅದರ ಕತೆ ನಿಮಗೇ ಹೇಳಬೇಕು, ಬೇರೆಯವರಿಗೆ ಅರ್ಧ ಮಾತ್ರ ಅರ್ಥ ಆಗುತ್ತೆ. ಚಿನ್ನದಲ್ಲಿ ಸೀಸ ಸೇರಿದರೆ ಏನಾಗುತ್ತೆ?

ಆಚಾರ್ರು: ಅಯ್ಯೋ, ಕೆಲಸ ಕೆಟ್ಟಿತು ಅಂತಲೇ. ಒಂದು ಗುಲಗಂಜಿಯಷ್ಟು ಸೇರಿದರೂ ಸುತ್ತಿಗೆ ತಾಗಿದ ಕೂಡಲೇ ಬಿರಿಯುತ್ತೆ. ತಂತಿ ಎಳೆಯೋಕಾಗಲ್ಲ, ತಗಡು ಬಡಿಯೋಕಾಗಲ್ಲ. ಶುದ್ಧಿ ಮಾಡದೆ ಮುಂದೆ ದಾರಿ ಇಲ್ಲ.

ಮೇಷ್ಟ್ರು: ಲಂಡನ್ ಟಂಕಸಾಲೆಗೂ ಅದೇ ಕಾಟ ಬಂತು. ಆಸ್ಟ್ರೇಲಿಯಾದಿಂದ ಬಂದ ಒಂದಷ್ಟು ಚಿನ್ನದಲ್ಲಿ ಸೀಸ, ಆಂಟಿಮನಿ, ಆರ್ಸೆನಿಕ್ ಸೇರಿತ್ತು. ನಾಣ್ಯಕ್ಕೆ ಆಗೋದಿಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಜಾರ್ಜ್ ಆನ್ಸೆಲ್ ಅನ್ನೋ ಅಲ್ಲಿನ ಅಧಿಕಾರಿ, ನನಗೆ ಬಿಡಿ, ಇದನ್ನು ಹದಕ್ಕೆ ತಂದು ತೋರಿಸ್ತೀನಿ ಅಂದ. ತಂದ ಕೂಡ. ಆ ಚಿನ್ನದಿಂದ 1,67,539 ಪವನು ಹೊಡೆದರು. ಅವನ್ನು ಗುರುತಿಸೋಕೆ ರಾಣಿಯ ಕೂದಲು ಕಟ್ಟಿದ ಪಟ್ಟಿಯ ಮೇಲೆ, ಕಿವಿಯ ಹಿಂದೆ, ಒಂದು ಗೆರೆ ಹೆಚ್ಚಿಗೆ ಎಳೆದರು. ಅಷ್ಟೇ ಗುರುತು. ಅಷ್ಟು ಸಾವಿರ ಹೊಡೆದರೂ ಇವತ್ತು ಸಿಗೋದು ಅಪರೂಪ.

ಆಚಾರ್ರು: ಇದು ಒಪ್ಪಬೇಕಾದ್ದು. ಆ ಗೆರೆ ತಪ್ಪಿನಿಂದ ಬಿದ್ದದ್ದಲ್ಲ, ಬೇಕಂತಲೇ ಹಾಕಿದ್ದು. ಇದಕ್ಕೆ ಹೆಚ್ಚು ದುಡ್ಡು ಕೊಟ್ಟರೆ ನಾನೂ ನಗೋದಿಲ್ಲ.

ಮೇಷ್ಟ್ರು: 1863ರಲ್ಲಿ ಇನ್ನೊಂದಿದೆ. ರಾಣಿಯ ಕತ್ತಿನ ಕೆಳ ಅಂಚಿನಲ್ಲಿ, ಮುಖ ಕೆತ್ತಿದ ವಿಲಿಯಂ ವಯನ್‌ನ ಹೆಸರಿನ ಎರಡಕ್ಷರ ಇರಬೇಕಾದ ಜಾಗದಲ್ಲಿ, 827 ಅಂತ ಒತ್ತಿದ್ದಾರೆ. ಅದೂ ಯಾವುದೋ ಚಿನ್ನದ ಗಟ್ಟಿಯ ಗುರುತೇ ಇರಬೇಕು ಅನ್ನೋದು ತಿಳಿದವರ ಊಹೆ. ಹರಾಜಿಗೆ ಬಂದರೆ ನಮ್ಮಂಥವರು ಬರೀ ಚಿತ್ರ ನೋಡಬೇಕು.

ಆಚಾರ್ರು: ಅಲ್ಲ ಮೇಷ್ಟ್ರೇ, ಲಂಡನ್ನಿನ ಈ ಪವನು ನಮ್ಮೂರಿನ ಅಜ್ಜಿಯರ ಕೊರಳಿಗೆ ಹೇಗೆ ಬಂತು? ಮಲೆನಾಡಿನ ಅಡಿಕೆ ತೋಟದವರ ಮನೆಯಿಂದ, ಕರಾವಳಿಯವರಿಂದ ನನಗೆ ಈಗಲೂ ಬರುತ್ತೆ.

ಮೇಷ್ಟ್ರು: 1899ರಲ್ಲಿ ಬ್ರಿಟಿಷ್ ಸರ್ಕಾರ ಪವನನ್ನು ಇಲ್ಲಿಯೂ ಚಲಾವಣೆಯ ನಾಣ್ಯ ಮಾಡಿತು, ಒಂದಕ್ಕೆ 15 ರೂಪಾಯಿ. ಅದಕ್ಕೂ ಮುಂಚೆಯಿಂದಲೂ ಬರ್ತಾ ಇತ್ತು. ಕಾಫಿ, ಮೆಣಸು, ಹತ್ತಿ ಹೊರಟವು, ಚಿನ್ನ ಒಳಗೆ ಬಂತು. ಬಂದದ್ದು ಕೊರಳಿಗೇ ಹೋಯಿತು, ಸಂತೆಗೆ ಹೋದದ್ದು ಕಡಿಮೆ. ಅದರಲ್ಲಿ ಲಂಡನ್ನಿನದು ಮಾತ್ರ ಇರೋದಿಲ್ಲ. ನಾನು ತೋರಿಸಿದೆನಲ್ಲ, ಅಂಕಿ ಇರುವ ಜಾಗ, ಅಲ್ಲೇ ಎಸ್ ಅಕ್ಷರ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್. ಲಂಡನ್ನಿನವರು ಹಿಂಬದಿಯ ಗುರಾಣಿ ಬಿಟ್ಟು ಕುದುರೆ ಸವಾರನ ಚಿತ್ರಕ್ಕೆ ಹೋದರೂ ಆಸ್ಟ್ರೇಲಿಯಾದ ಆ ಎರಡು ಟಂಕಸಾಲೆಗಳು 1887ರವರೆಗೆ ಗುರಾಣಿ ಪವನನ್ನೂ ಹೊಡೀತಾ ಇದ್ದವು. ಕುದುರೆ ಸವಾರನ ಪವನಿನಲ್ಲೂ ಭೇದ ಉಂಟು, ಬಾಲ ಉದ್ದ, ಬಾಲ ಗಿಡ್ಡ, ಕೆತ್ತಿದ ಪಿಸ್ಟ್ರೂಚಿಯ ಬಿ ಪಿ ಅಕ್ಷರ ದೊಡ್ಡದು, ಚಿಕ್ಕದು, ಕೆಲವದರಲ್ಲಿ ಇಲ್ಲವೇ ಇಲ್ಲ.

ಆಚಾರ್ರು: ನಮ್ಮ ದೇಶದಲ್ಲಿ ಹೊಡೆದದ್ದು ಒಂದೂ ಇಲ್ಲವೇ?

ಮೇಷ್ಟ್ರು: ಇದೆ. 1918, ಬೊಂಬಾಯಿ. ಮೊದಲ ಮಹಾಯುದ್ಧದ ಕೊನೆಯ ವರ್ಷ, ಸಮುದ್ರದಲ್ಲಿ ಚಿನ್ನ ಸಾಗಿಸೋದು ಅಪಾಯ. ಹಾಗಾಗಿ ಅಲ್ಲೇ ಲಂಡನ್ ಟಂಕಸಾಲೆಯ ಶಾಖೆ ತೆರೆದರು. ಪವನಿನ ಅಚ್ಚು ಲಂಡನ್ನಿನಿಂದ ಬರೋದು ತಡವಾಯಿತು ಅಂತ ಅಷ್ಟರೊಳಗೆ 15 ರೂಪಾಯಿಯ ಮೊಹರು ಹೊಡೆದರು. ಅಚ್ಚು ಬಂದ ಮೇಲೆ ಸುಮಾರು 13 ಲಕ್ಷ ಪವನು. ಮುಂದಿನ ವರ್ಷ ಶಾಖೆಯೇ ಮುಚ್ಚಿತು. ಕುದುರೆಯ ಕಾಲಡಿಯ ನೆಲದ ಗೆರೆ ಮೇಲೆ, ಇಸವಿಯ ನೆತ್ತಿಗೆ ಸರಿಯಾಗಿ, ಒಂದು ಪುಟ್ಟ ಐ ಅಕ್ಷರ. ನಿಮ್ಮಲ್ಲಿಗೆ ಬರೋ ಸರಗಳಲ್ಲಿ ಮೊದಲು ಅದನ್ನು ಹುಡುಕಿ.

ಆಚಾರ್ರು: ಸರಿ, ಈಗ ಬೆಲೆಯ ಜಗಳಕ್ಕೆ ಬನ್ನಿ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಇಸವಿಯ 8ರ ಒಳಗಿನ ಸೊನ್ನೆ ತುಂಬಿಕೊಂಡಿದೆ, ಇದು ಬೇರೆ ಬಗೆ, ದುಪ್ಪಟ್ಟು ಕೊಡಿ ಅಂದ.

ಮೇಷ್ಟ್ರು: ಆ ಅಚ್ಚಿನ ಅಂಕಿಯೊಳಗೆ ಎಣ್ಣೆ ಜಿಡ್ಡು, ಚೂರು ಸೇರಿಕೊಂಡಿತ್ತು, ಅಷ್ಟೇ. ಮಾರನೇ ದಿನ ಒರೆಸಿದ್ದರೆ ಹೋಗ್ತಿತ್ತು. ನನ್ನ ಲೆಕ್ಕ ಇದು, ಯಾರಾದರೂ ಒಬ್ಬ ಮನುಷ್ಯ ಅಚ್ಚಿನ ಮೇಲೆ ಕೈ ಆಡಿಸಿದ್ದಕ್ಕೆ ಗುರುತಿದ್ದರೆ ಅದು ಬಗೆ. ಸವೆತ, ಜಿಡ್ಡು, ಯಂತ್ರ ನಡುಗಿ ಎರಡೆರಡು ಅಂಚು ಬಿದ್ದದ್ದು, ಇವಕ್ಕೆ ನಾನು ಕಾಸು ಬಿಚ್ಚೋದಿಲ್ಲ. ಮಾರುವವರು ಬಗೆಗಳ ಪಟ್ಟಿ ಬೆಳೆಸ್ತಾನೇ ಇರ್ತಾರೆ. ಪಟ್ಟಿ ಬೆಳೆದಷ್ಟೂ ಕೊಳ್ಳುವವನ ಆಸೆ ಬೆಳೆಯುತ್ತೆ.

ಆಚಾರ್ರು: ಅಂದರೆ ಈ ಹುಚ್ಚು ಬರೀ ಪವನಿಗೆ ಅಂಟಿದ್ದೋ, ಬೇರೆ ದೇಶದಲ್ಲೂ ಇದೆಯೋ?

ಮೇಷ್ಟ್ರು: ಅಮೆರಿಕದವರ ಮುಂದೆ ನಾವು ಏನೂ ಅಲ್ಲ. ಫಿಲಡೆಲ್ಫಿಯಾದಲ್ಲಿ 1795ರಲ್ಲಿ ಚಿನ್ನದ ನಾಣ್ಯ ಶುರುವಾದಾಗ ಒಂದೊಂದು ನಕ್ಷತ್ರ, ಒಂದೊಂದು ಅಕ್ಷರವನ್ನೂ ಅಚ್ಚಿನ ಮೇಲೆ ಕೈಯಿಂದ ಹೊಡೀತಿದ್ರು. ಎರಡು ಅಚ್ಚು ಒಂದೇ ಥರ ಇರೋದು ಸಾಧ್ಯವೇ ಇರಲಿಲ್ಲ. ಒಳ್ಳೆಯ ಉಕ್ಕು ಸಿಗೋದು ಕಷ್ಟ, ಹಾಗಾಗಿ ಯಾವ ಅಚ್ಚನ್ನೂ ಎಸೀತಿರಲಿಲ್ಲ. 1802ರ ಐದು ಡಾಲರ್ ನಾಣ್ಯ ಅಂತ ಇರೋದೆಲ್ಲ 1801ರ ಅಚ್ಚನ್ನು ತಿದ್ದಿದ್ದೇ. 1803ರದೆಲ್ಲ 1802ರದನ್ನು ತಿದ್ದಿದ್ದು. 1795ರ ಮುಖದ ಅಚ್ಚೊಂದನ್ನು ಸುಮಾರು ಮೂರು ವರ್ಷದ ಮೇಲೆ ಹೊರಗೆ ತೆಗೆದು, 1795ರಲ್ಲಿ ಇನ್ನೂ ಬಳಕೆಗೇ ಬಂದಿರದ ದೊಡ್ಡ ಹದ್ದಿನ ಹಿಂಬದಿ ಜೊತೆ ಜೋಡಿಸಿ ಹೊಡೆದಿದ್ದಾರೆ. ನಾಣ್ಯದ ಮೇಲೆ ಇಸವಿ ಇದ್ದರೂ ಅದು ಸುಳ್ಳು!

ಆಚಾರ್ರು: ಕಂಡುಹಿಡಿದವರು ಯಾರು?

ಮೇಷ್ಟ್ರು: ಅಚ್ಚು ಅಚ್ಚನ್ನು ಹೋಲಿಸುತ್ತಾ ಕೂತವರು. ಡಲ್ಲಾಸ್‌ನಲ್ಲಿ ಹ್ಯಾರಿ ಬಾಸ್ ಅಂತ ಒಬ್ಬರಿದ್ದರು, ತೈಲದ ವ್ಯಾಪಾರದವರು, 1998ರಲ್ಲಿ ತೀರಿಕೊಂಡರು. ಆ ಕಾಲದ ಚಿನ್ನದ ಅಚ್ಚುಗಳಲ್ಲಿ ಸಿಕ್ಕಷ್ಟನ್ನೂ, ಆ ಅಚ್ಚಿನ ಬಿರುಕು ಬೆಳೆದ ಹಂತಗಳನ್ನೂ ಕೂಡಿಸಿ ಟಿಪ್ಪಣಿ ಬರೆದಿಟ್ಟರು. ಅದನ್ನು ಆಧಾರ ಮಾಡಿಕೊಂಡು ಜಾನ್ ಡ್ಯಾನ್‌ರೂಥರ್ 2006ರಲ್ಲಿ ಪುಸ್ತಕ ತಂದರು. ಇನ್ನೊಂದು ಸಂಕಟ ಕೇಳಿ. 1834ರಲ್ಲಿ ಅಲ್ಲಿ ನಾಣ್ಯದ ತೂಕ ಇಳಿಸಿದರು. ಹಳೆಯದರಲ್ಲಿ ಮುಖಬೆಲೆಗಿಂತ ಹೆಚ್ಚು ಚಿನ್ನ. ಎಲ್ಲ ಮೂಸೆಗೆ ಹೋಯಿತು. 1822ರ ಐದು ಡಾಲರ್ 17,796 ಹೊಡೆದ ಲೆಕ್ಕ ಇದೆ, ಉಳಿದಿರೋದು ಮೂರು. ಎರಡು ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿವೆ. ಹೊರಗಿರುವ ಒಂದು 2021ರಲ್ಲಿ 84 ಲಕ್ಷ ಡಾಲರಿಗೆ ಹೋಯಿತು.

ಆಚಾರ್ರು: ನಮ್ಮ ಕಸುಬಿನವರ ಮೇಲೆ ಕಣ್ಣು ಹಾಕಬೇಡಿ. ತಂದುಕೊಟ್ಟವರು ಕರಗಿಸು ಅಂದರೆ ನಾವು ಕರಗಿಸ್ತೀವಿ. ಈಗ ನಾನು ಒಂದು ಕೇಳ್ತೀನಿ. ನೀವು ಲಂಡನ್ನು, ಫಿಲಡೆಲ್ಫಿಯಾ ಅಂತೆಲ್ಲ ಸುತ್ತಾಡಿ ಬಂದಿರಿ. ಇಕ್ಕೇರಿ ವರಹ ಕೆತ್ತಿದವರು ಯಾರು? ನಮ್ಮವರು. ಅದರ ಮಾತೇ ಎತ್ತಲಿಲ್ಲ.

ಮೇಷ್ಟ್ರು: ಅಲ್ಲಿಗೇ ಬರ್ತಿದ್ದೆ. ಇಕ್ಕೇರಿ ವರಹದ ಒಂದು ಕಡೆ ಉಮಾಮಹೇಶ್ವರ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. ಸದಾಶಿವ ನಾಯಕನ ನಂತರ ಬಂದವರೂ ಅದೇ ಹೆಸರಲ್ಲಿ ಹೊಡೀತಾ ಹೋದರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ತಗೊಂಡ. ಶಿವ ಪಾರ್ವತಿಯರನ್ನು ಹಾಗೇ ಬಿಟ್ಟು ಹಿಂಬದಿಗೆ ಮಾತ್ರ ಚುಕ್ಕಿಗಳ ನೆಲದ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ಶಿವ ಪಾರ್ವತಿ. ಶ್ರೀರಂಗಪಟ್ಟಣದ ಕಂಠೀರವ ಹಣವನ್ನೇ ತಗೊಳ್ಳಿ, ಅದರ ಮೇಲೆ ನರಸಿಂಹ. ಕಂಠೀರವ ನರಸರಾಜ ಒಡೆಯರು 1659ರಲ್ಲಿ ತೀರಿಕೊಂಡರೂ ಆ ಹಣ ಮುಂದಿನ ಶತಮಾನದಲ್ಲೂ ಹುಟ್ಟುತ್ತಲೇ ಇತ್ತು. ಇವು ಯಾವುದರ ಮೇಲೂ ಇಸವಿ ಇಲ್ಲ, ಸಂಖ್ಯೆ ಇಲ್ಲ. ಯಾವುದು ಹಳೆಯದು, ಯಾವುದು ಹೊಸದು?

ಆಚಾರ್ರು: ಕೆತ್ತನೆ ನೋಡಿ ಹೇಳಬೇಕು. ಪ್ರತಿ ಅಚ್ಚನ್ನೂ ಕೈಯಲ್ಲೇ ಕೊರೀತಿದ್ರು. ಒಬ್ಬನ ಕೈಯ ತ್ರಿಶೂಲ ಇನ್ನೊಬ್ಬನ ಕೈಗೆ ಬರೋದಿಲ್ಲ.

ಮೇಷ್ಟ್ರು: ಕೈ ಮಾತ್ರ ನೋಡಿದರೆ ಸಾಲದು. ಸುತ್ತಿಗೆಯ ಕೆಲಸದಲ್ಲಿ ಕೆಳಗಿನ ಅಚ್ಚು, ಮೇಲಿನ ಅಚ್ಚು, ಯಾವುದು ಮೊದಲು ಹೋಗುತ್ತೆ?

ಆಚಾರ್ರು: ಮೇಲಿನದು. ಏಟು ತಿನ್ನೋದು ಅದೇ. ಕೆಳಗಿನದು ದಿಮ್ಮಿಯಲ್ಲಿ ಹೂತು ಕೂತಿರುತ್ತೆ.

ಮೇಷ್ಟ್ರು: ಹಾಗಾದರೆ ಕೆಳಗಿನ ಒಂದೇ ಅಚ್ಚಿಗೆ ಮೇಲಿನವು ಎರಡೋ ಮೂರೋ ಬದಲಾಗುತ್ತವೆ. ಕೊನೆಗೆ ಕೆಳಗಿನದೂ ಸವೆದಾಗ ಇನ್ನೂ ಗಟ್ಟಿಯಾಗಿರುವ ಮೇಲಿನ ಅಚ್ಚು ಹೊಸ ಜೊತೆಗಾರನೊಂದಿಗೆ ಮುಂದುವರಿಯುತ್ತೆ. ಸಿಕ್ಕ ವರಹಗಳನ್ನೆಲ್ಲ ಮೇಜಿನ ಮೇಲೆ ಹರವಿ ಯಾವ ಮುಖ ಯಾವ ಹಿಂಬದಿಯೊಂದಿಗೆ ಕೂಡಿದೆ ಅಂತ ಬರೆದರೆ ಸರಪಳಿ ಕಟ್ಟುತ್ತಾ ಹೋಗುತ್ತೆ. ಸರಪಳಿಯ ಒಂದು ಕೊಂಡಿಗೆ ಕಾಲ ಗೊತ್ತಾದರೆ ಉಳಿದದ್ದಕ್ಕೂ ಗೊತ್ತಾಗುತ್ತೆ. ಎಷ್ಟು ಅಚ್ಚು ಇದ್ದವು ಅಂತಲೂ ಅಂದಾಜು ಮಾಡಬಹುದು. 50 ವರಹ ನೋಡಿದಿರಿ, ಅದರಲ್ಲಿ 10 ವರಹಗಳ ಅಚ್ಚು ಒಂದೊಂದೇ ಸಲ ಸಿಕ್ಕಿತು, ಮಿಕ್ಕವು ಎರಡು ಮೂರು ಸಲ ಸಿಕ್ಕವು ಅಂದುಕೊಳ್ಳಿ. ಆಗ ಹೊಡೆದ ಒಟ್ಟು ವರಹಗಳಲ್ಲಿ ಐದಕ್ಕೆ ನಾಲ್ಕು ಪಾಲು ನೀವು ಆಗಲೇ ನೋಡಿರುವ ಅಚ್ಚುಗಳಿಂದಲೇ ಬಂದಿವೆ ಅಂತ ಹೇಳಬಹುದು. 50ಕ್ಕೆ 45 ಒಂಟಿ ಅಚ್ಚಾದರೆ ನೀವು ಬಾಗಿಲಲ್ಲೇ ಇದ್ದೀರಿ, ಮನೆಯೊಳಗೆ ಇನ್ನೂ ಬಹಳ ಇದೆ. ಒಂದು ಅರಸೊತ್ತಿಗೆ ಎಷ್ಟು ಚಿನ್ನ ಹೊಡೆಸಿತು ಅನ್ನೋದಕ್ಕೆ ದಫ್ತರ ಕಳೆದುಹೋದ ಮೇಲೆ ಉಳಿಯೋ ಸಾಕ್ಷಿ ಇದೊಂದೇ.

ಆಚಾರ್ರು: ನಿಮ್ಮ ಹವ್ಯಾಸ ತಲೆಕೆಳಗಾಗಿದೆ ಮೇಷ್ಟ್ರೇ. ಇಸವಿ, ಅಂಕಿ, ಅಕ್ಷರ ಎಲ್ಲ ಬರೆದುಕೊಂಡು ಬಂದ ಪವನಿಗೆ ಪಟ್ಟಿ ಮೇಲೆ ಪಟ್ಟಿ. ಏನೂ ಬರೆಯದ ವರಹಕ್ಕೆ, ಅಚ್ಚು ನೋಡದೆ ಏನೂ ಗೊತ್ತಾಗದ ವರಹಕ್ಕೆ, ಬರೀ ತೂಕ.

ಮೇಷ್ಟ್ರು: ಈ ಮಾತನ್ನು ನಾನು ಹೇಳಬೇಕಿತ್ತು, ನೀವು ಹೇಳಿಬಿಟ್ಟಿರಿ. ಪವನಿನಲ್ಲಿ ಅಚ್ಚು ಹುಡುಕೋದು ಶೋಕಿ, ವರಹದಲ್ಲಿ ಅದೇ ಚರಿತ್ರೆಯ ಕೆಲಸ. ಪವನು ಕಣ್ಣಿಗೆ ಅಭ್ಯಾಸ ಕೊಡುತ್ತೆ, ಅಷ್ಟರಮಟ್ಟಿಗೆ ಒಳ್ಳೆಯದು. ಕಳ್ಳ ನಾಣ್ಯ ಹಿಡಿಯೋಕೂ ಬೇಕಾಗುತ್ತೆ. ಎರಡನೇ ಮಹಾಯುದ್ಧದ ನಂತರ ಮಿಲಾನ್, ಬೈರೂತ್‌ಗಳಲ್ಲಿ ಪವನಿನ ನಕಲು ಹೊಡೆದವರು ಚಿನ್ನಕ್ಕೆ ಮೋಸ ಮಾಡಿದ್ದು ಕಡಿಮೆ. ನಿಮ್ಮ ಒರೆಗಲ್ಲು, ತಕ್ಕಡಿ ಎರಡೂ ಪಾಸು ಅನ್ನುತ್ತವೆ.

ಆಚಾರ್ರು: ಆಗ ಹೇಗೆ ಹಿಡಿಯೋದು?

ಮೇಷ್ಟ್ರು: ಬೇರೆ ಬೇರೆ ಮನೆಯ ಎರಡು ಪವನು ತಗೊಳ್ಳಿ. ಇಸವಿ ಬೇರೆ, ಆದರೆ ರಾಜನ ಕೆನ್ನೆ ಮೇಲೆ ಅದೇ ಜಾಗದಲ್ಲಿ ಅದೇ ಆಕಾರದ ಸಣ್ಣ ಗುಳಿ ಇದ್ದರೆ ಅನುಮಾನಪಡಿ. ಅಸಲಿ ನಾಣ್ಯವೊಂದಕ್ಕೆ ಜೇಬಿನಲ್ಲಿ ಬಿದ್ದ ಗುಳಿ ಅದು. ನಕಲಿ ಅಚ್ಚು ಮಾಡಿದವನು ಅದನ್ನೂ ಸೇರಿಸಿ ಎತ್ತಿಕೊಂಡಿದ್ದಾನೆ.

ಆಚಾರ್ರು: ಕೊಂಡಿ ಬೆಸೆದ ಪವನಿಗೆ ನಿಮ್ಮ ಮಾರುಕಟ್ಟೆಯಲ್ಲಿ ಬೆಲೆ ಇದೆಯೇ? ನನಗೆ ಬರೋದರಲ್ಲಿ ಮುಕ್ಕಾಲುಪಾಲು ಹಾಗಿರೋದೇ. ಕೊಂಡಿ ತೆಗೆದು ರಾವಿ ಪಾಲಿಶ್ ಹಾಕಿಕೊಡಲೇ?

ಮೇಷ್ಟ್ರು: ದಮ್ಮಯ್ಯ, ಬೇಡ. ಕೊಂಡಿ ಇದ್ದರೆ ಬೆಲೆ ಇಳಿಯುತ್ತೆ ನಿಜ. ಆದರೆ ರಾವಿದರೆ ಅಚ್ಚಿನ ಗುರುತೇ ಅಳಿಸುತ್ತೆ. ಬೆಸುಗೆಯ ಗುಡ್ಡೆ ಇದ್ದರೂ ಅಂಕಿ ಓದಿಕೊಳ್ಳೋಕೆ ಆಗುತ್ತೆ. ಹುಣಸೆ, ಸೋಪಿನ ನೀರು, ಬ್ರಷ್ಷು, ಯಾವುದೂ ಬೇಡ.

ಆಚಾರ್ರು: ಇನ್ನೊಂದು. ಹೊಲ ಉಳುವಾಗ ಕುಡಿಕೆ ಸಿಕ್ಕಿತು, ನಾಲ್ಕು ವರಹ ಇದೆ, ತಗೊಳ್ತೀರಾ ಅಂತ ಆಗಾಗ ಯಾರಾದರೂ ಬರ್ತಾರೆ.

ಮೇಷ್ಟ್ರು: ಮುಟ್ಟಬೇಡಿ. ನೆಲದಲ್ಲಿ ಸಿಕ್ಕದ್ದರ ಬೆಲೆ ಹತ್ತು ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆ ಹೇಳುತ್ತೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಕಳಿಸೋದೂ 1972ರ ಕಾಯ್ದೆ ಪ್ರಕಾರ ನಿಷಿದ್ಧ. ಕಾನೂನಿನ ಮಾತು ಬಿಟ್ಟರೂ, ಒಂದು ಕುಡಿಕೆಯ ವರಹಗಳು ಒಟ್ಟಿಗಿದ್ದರೆ ಮಾತ್ರ ಆ ಸರಪಳಿ ಕಟ್ಟೋಕೆ ಆಗೋದು. ನಾಲ್ಕು ಅಂಗಡಿಗೆ ಚದುರಿದರೆ ಮುಗೀತು.

ಆಚಾರ್ರು: ಅದು ಸರಿ. ಆದರೆ ಮನೆಯ ಹಳೇ ಚಿನ್ನ, ಮಗಳ ಮದುವೆ, ಬಳೆ ಆಗಬೇಕು ಅಂತ ಬಂದವರಿಗೆ ನಾನು ಕರಗಿಸಬೇಡಿ ಅಂತ ಹೇಳೋಕಾಗೋದಿಲ್ಲ. ಅವರ ಚಿನ್ನ, ಅವರ ಇಷ್ಟ.

ಮೇಷ್ಟ್ರು: ಹೇಳಬೇಡಿ. ಒಂದು ನೋಟುಪುಸ್ತಕ ಇಡಿ, ಸಾಕು. ಬಂದದ್ದು ಪವನಾದರೆ ಇಸವಿ, ಅಂಕಿ ಅಥವಾ ಅಕ್ಷರ ಬರೆದುಕೊಳ್ಳಿ. ವರಹವೋ ಹಣವೋ ಆದರೆ ಎರಡು ಕಡೆಯದೂ ಓರೆ ಬೆಳಕಲ್ಲಿ ಫೋಟೋ, ಮಿಲಿಗ್ರಾಂವರೆಗಿನ ತೂಕ, ಯಾವ ಸೀಮೆಯ ಮನೆಯಿಂದ ಬಂತು ಅನ್ನೋದು. ಹೆಸರು ಬೇಡ, ಊರು ಸಾಕು. ನಾಣ್ಯ ಬಳೆಯಾದರೂ ಅಚ್ಚು ಲೆಕ್ಕಕ್ಕೆ ಉಳಿಯುತ್ತೆ. ಈ ಬೀದಿಯಲ್ಲಿ ನಿಮ್ಮಂಥ ಅಂಗಡಿ ಹನ್ನೆರಡಿವೆ. ಅವರಿಗೂ ಹೇಳಿ.

ಆಚಾರ್ರು: ನಾಲ್ವರು ಕೇಳ್ತಾರೆ, ಮಿಕ್ಕವರು ನಗ್ತಾರೆ.

ಮೇಷ್ಟ್ರು: ನಾಲ್ವರಿಂದಲೇ ಶುರುಮಾಡಿ. ನಿಮ್ಮ ಪೆಟ್ಟಿಗೆಯಲ್ಲಿ ವರಹ ಇದ್ದರೆ ಮೊದಲು ಅದರ ಫೋಟೋ ತೆಗೀರಿ. ಪವನು ಅದಲು ಬದಲಿನ ಮಾತು ಆಮೇಲೆ ಆಡೋಣ.